ಸಪ್ಪೆಯಣ್ಣ ಬೆಕ್ಕಿಗೆ ಬಡಿಸಿದ್ದು

ನಮ್ಮ ಮಹಡಿಯ ಮೂರನೇ ಬಾಗಿಲಿನವನಿಗೆ ಸಪ್ಪೆಯಣ್ಣ ಅಂತ ಹೆಸರಿಟ್ಟವರು ನಾವಲ್ಲ, ಆಸ್ಪತ್ರೆಯ ರೋಗಿಗಳು. ಮೂವತ್ತೊಂದು ವರ್ಷ ಅವನು ದೊಡ್ಡಾಸ್ಪತ್ರೆಯಲ್ಲಿ ಪಥ್ಯದ ಅಡುಗೆ ಮಾಡಿದ. ಉಪ್ಪು ಕಡಿಮೆ, ಎಣ್ಣೆ ಕಡಿಮೆ, ಬೈಗುಳ ಮಾತ್ರ ಜಾಸ್ತಿ. ಉಪ್ಪಿಗಿಂತ ರುಚಿಯಿಲ್ಲ ಅಂತ ಲೋಕವೆಲ್ಲ ಹೇಳುವಾಗ ಉಪ್ಪೇ ಹಾಕದೆ ಉಣಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಯಾರು ಬೈದರೂ ಎದುರಾಡಿದವನಲ್ಲ. ತಟ್ಟೆ ವಾಪಸು ಬಂದಾಗ ಎಷ್ಟು ಉಳಿದಿದೆ ಅಂತ ನೋಡುತ್ತಿದ್ದ, ಅಷ್ಟೇ.

ಆ ಅಡುಗೆಮನೆಗೆ ಎರಡು ಕಟ್ಟಳೆ ಇದ್ದವು. ಪಾತ್ರೆ ವಾರ್ಡಿಗೆ ಹೋಗುವ ಮುಂಚೆ ಮಾಡಿದವನೇ ಒಂದು ಚಮಚ ಬಾಯಿಗೆ ಹಾಕಿಕೊಂಡು ನೋಡಬೇಕು. ಡಬ್ಬಿಯಲ್ಲಿ ಬಂದದ್ದು ಬಟಾಣಿಯಾಗಲಿ ಮೀನಾಗಲಿ, ಒಳಗಿನ ನೀರನ್ನು ಪೂರ್ತಿ ಬಸಿದು ಚೆಲ್ಲಬೇಕು, ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಕೆಲಸದಿಂದ ನಿವೃತ್ತನಾಗಿ ಮನೆ ಸೇರಿದ ಮೇಲೂ ಅವನ ಅಂಗಿಯ ಜೇಬಿನಿಂದ ಆ ಸ್ಟೀಲ್ ಚಮಚ ಇಳಿಯಲಿಲ್ಲ.

ಮನೆಯಲ್ಲಿ ಅವನು, ಅವನ ಅಕ್ಕ, ಒಂದು ಬೂದು ಬಣ್ಣದ ಬೆಕ್ಕು. ಅಕ್ಕ ತಮ್ಮ ಇಬ್ಬರೂ ಮದುವೆಯಾಗಲಿಲ್ಲ. ಯಾಕೆ ಅಂತ ನಾನು ಕೇಳಿಲ್ಲ, ಅವರು ಹೇಳಿಲ್ಲ. ಅಕ್ಕ ಬಟ್ಟೆ ಹೊಲಿಯುತ್ತಾಳೆ. ಹೊಲಿಗೆ ಮಿಷಿನ್ನಿನ ಹೊಟ್ಟೆಯಲ್ಲಿ ದಾರ ಸುತ್ತಿಡುವ ಪುಟ್ಟ ಉರುಳೆ ಇರುತ್ತದಲ್ಲ, ಬಾಬಿನ್ನು, ಮರಿಯಾಗಿದ್ದಾಗ ಬೆಕ್ಕು ಅದನ್ನೇ ಉರುಳಿಸಿಕೊಂಡು ಓಡುತ್ತಿತ್ತಂತೆ. ಹಾಗಾಗಿ ಅದರ ಹೆಸರೂ ಬಾಬಿನ್ನು. ಈಗ ಅದಕ್ಕೆ ಹದಿನಾಲ್ಕು ವರ್ಷ. ಮಿಷಿನ್ನು ಎಷ್ಟು ಕಟಕಟ ಅಂದರೂ ಅದರ ಪಕ್ಕದ ಹಲಗೆಯ ಮೇಲೇ ನಿದ್ದೆ.

ಅದು ಅಂಗಡಿಯಿಂದ ತರುವ ಬೆಕ್ಕಿನ ಒಣ ಕಾಳು ತಿನ್ನುವುದು ಬಿಟ್ಟು ಸೊರಗತೊಡಗಿತು. ಸಪ್ಪೆಯಣ್ಣ ಬುಟ್ಟಿಯಲ್ಲಿಟ್ಟುಕೊಂಡು ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಹೋದ. ಅವರು ಹೊಟ್ಟೆ ಒತ್ತಿ ನೋಡಿದರು, ರಕ್ತ ತೆಗೆದು ನೋಡಿದರು.

"ಕಿಡ್ನಿ ಸೋತಿದೆ. ಒಣ ಕಾಳು ಸಾಕು, ಇನ್ನು ಡಬ್ಬಿಯಲ್ಲಿ ಬರೋ ವೆಟ್ ಫುಡ್ ಕೊಡಿ. ಹೇಗಾದರೂ ನೀರು ಅದರ ಹೊಟ್ಟೆಗೆ ಹೋಗಬೇಕು. ನಾಡಿದ್ದು ಮಧ್ಯಾಹ್ನದವರೆಗೂ ಮುಟ್ಟಲಿಲ್ಲ ಅಂದರೆ ಕರ್ಕೊಂಡು ಬನ್ನಿ, ಡ್ರಿಪ್ ಹಾಕಬೇಕಾಗುತ್ತೆ. ಈ ವಯಸ್ಸಿಗೆ ಅದನ್ನ ತಡ್ಕೊಳ್ಳುತ್ತೆ ಅಂತ ನಾನು ಹೇಳಲಾರೆ."

ಚೀಟಿ ಬರೆದುಕೊಟ್ಟರು. ಅಂಗಡಿಯಲ್ಲಿ ಆ ಚೀಟಿಯ ಡಬ್ಬಿಯೇ ಮೂರು ತರ: ಕೋಳಿ, ಮೀನು, ಲಿವರ್.

"ಇದರಲ್ಲಿ ಸಪ್ಪೆ ಯಾವುದಮ್ಮ?" ಅಂತ ಕೇಳಿದನಂತೆ ಇವನು.

"ನಾನು ತಿಂದು ನೋಡಿಲ್ಲ ಅಂಕಲ್," ಅಂದಳಂತೆ ಅಂಗಡಿಯವಳು.

"ನೀವ್ಯಾಕೆ ತಿಂತೀರಿ, ಮುಚ್ಚಳ ಬಿಚ್ಚಿಕೊಡಿ, ನಾನು ನೋಡ್ತೀನಿ."

ಅವಳು ಬಿಚ್ಚಲಿಲ್ಲ. ಇವನು ಮೂರನ್ನೂ ತಂದ.

ಮಾರನೇ ಬೆಳಿಗ್ಗೆ ನಾನು ದಿಂಬಿನ ಚೀಲ ಹೊಲಿಸಲು ಅಲ್ಲಿ ಹೋಗಿ ಕೂತಿದ್ದೆ. ಸಪ್ಪೆಯಣ್ಣ ಕೈ ತೊಳೆದು, ಸಣ್ಣ ಸ್ಟೂಲಿನ ಮೇಲೆ ಕೂತು ಕೋಳಿಯ ಡಬ್ಬಿ ತೆಗೆದ. ಚಮಚದ ತುದಿ ನಾಲಿಗೆಗೆ ಮುಟ್ಟಿಸಿದ.

"ಥೂ, ಬೆಕ್ಕಿನ ಎಂಜಲು ತಿನ್ನೋನೇ!" ಅಂದಳು ಅಕ್ಕ.

"ಎಂಜಲು ಹೆಂಗಾಗುತ್ತಕ್ಕ? ಅದಿನ್ನೂ ತಿಂದೇ ಇಲ್ವಲ್ಲ."

ಕೆಳಗೆ ಬಟ್ಟಲಿಟ್ಟು, ಮೇಲೆ ಜರಡಿ ಇಟ್ಟು, ಡಬ್ಬಿಯದನ್ನು ಸುರಿದು ರಸ ಬಸಿದ. ತುಂಡುಗಳನ್ನು ಉಗುರಿನಷ್ಟು ಸಣ್ಣಗೆ ಕತ್ತರಿಸಿ ತಟ್ಟೆಗೆ ಹಾಕಿದ. ಪಕ್ಕದಲ್ಲಿ ಕುದಿಸಿ ಆರಿಸಿದ ನೀರಿಟ್ಟ. ಬಟ್ಟಲಿನ ರಸವನ್ನು ಒಯ್ದು ಚೆಲ್ಲಿದ. ಮೂವತ್ತೊಂದು ವರ್ಷದ ಕೈ, ಒಂದು ಹನಿ ಆಚೀಚೆ ಬೀಳಲಿಲ್ಲ. ಬಾಬಿನ್ನು ಬಂತು, ಮೂಸಿತು, ಹೋಗಿ ಹಲಗೆಯ ಮೇಲೆ ಮಲಗಿತು. ನೀರನ್ನೂ ಮುಟ್ಟಲಿಲ್ಲ.

ಸಂಜೆ ಮೀನಿನ ಡಬ್ಬಿಗೂ ಅದೇ ಗತಿ.

"ಸಾವಿರ ಜನಕ್ಕೆ ಉಣಿಸಿದೆ ಅಂತ ಕೊಚ್ಕೊಳ್ತಿದ್ದೆ, ಒಂದು ಬೆಕ್ಕಿಗೆ ಉಣಿಸೋಕಾಗಲಿಲ್ವಲ್ಲೋ," ಅಂದಳು ಅಕ್ಕ. ಅಂದವಳೇ ಬೆಕ್ಕಿನ ಬೆನ್ನು ಸವರಿದಳು. ಮೂಳೆ ಕೈಗೆ ಸಿಕ್ಕಿರಬೇಕು, ಮಿಷಿನ್ನಿನ ಕಡೆ ತಿರುಗಿದಳು.

ಡಾಕ್ಟರಮ್ಮ ಕೊಟ್ಟ ಗಡುವಿನ ದಿನ ಬೆಳಿಗ್ಗೆ ಚೀಲ ಆಗಿದೆಯಾ ಅಂತ ಕೇಳಲು ಹೋದೆ. ಬೆಕ್ಕಿನ ಬುಟ್ಟಿ ಬಾಗಿಲ ಹತ್ತಿರ ಬಂದಿತ್ತು, ಒಳಗೆ ಒಗೆದ ಟವೆಲ್ಲು ಹಾಸಿತ್ತು. ಉಳಿದದ್ದು ಲಿವರ್ ಒಂದೇ. ಸಪ್ಪೆಯಣ್ಣ ಡಬ್ಬಿ ತೆಗೆದ, ನಾಲಿಗೆಗೆ ಮುಟ್ಟಿಸಿದ, ಬಸಿದ, ಕತ್ತರಿಸಿದ, ತಟ್ಟೆಗೆ ಹಾಕಿದ. ರಸದ ಬಟ್ಟಲು ಎತ್ತಬೇಕು, ಅಷ್ಟರಲ್ಲಿ ಅಕ್ಕ ಕೂಗಿದಳು.

"ಸೂಜಿಗೆ ದಾರ ಪೋಣಿಸಿಕೊಡೋ, ನನ್ನ ಕಣ್ಣಿಗೆ ತೂತೇ ಸಿಗ್ತಿಲ್ಲ."

ಅವನು ಎದ್ದು ಬಂದ. ದಾರದ ತುದಿಯನ್ನು ಬಾಯಿಗಿಟ್ಟು ಒದ್ದೆ ಮಾಡಿದ. ಅಡುಗೆಮನೆಯಿಂದ ಲಪಲಪ ಅಂತ ಸದ್ದು.

"ನಲ್ಲಿ ಬಿಟ್ಟು ಬಂದ್ಯಾ?"

"ಇಲ್ಲಕ್ಕ."

ಮೂವರೂ ಇಣುಕಿದೆವು. ಬಾಬಿನ್ನು ಜರಡಿಯನ್ನು ಮೂತಿಯಿಂದ ಪಕ್ಕಕ್ಕೆ ತಳ್ಳಿ ಬಟ್ಟಲಿನಲ್ಲಿ ಮುಖ ಹುದುಗಿಸಿತ್ತು. ಪಕ್ಕದ ತಟ್ಟೆಯ ತುಂಡುಗಳು ಇಟ್ಟ ಹಾಗೇ ಇದ್ದವು.

ಮೊದಲು ಬಾಯಿ ಬಂದದ್ದು ಅಕ್ಕನಿಗೇ. "ಅಡುಗೆ ಮಾಡಿದವರಿಗಿಂತ ಬಡಿಸಿದವರೇ ಮೇಲು ಅಂತಾರೆ. ಇಲ್ಲಿ ಬಡಿಸಿದವನೇ ಕೆಡಿಸಿದ್ದು!"

"ಅದರಲ್ಲಿ ಉಪ್ಪು..." ಅಂದ ಅವನು.

"ಉಪ್ಪೋ ಸಪ್ಪೆಯೋ, ನೀನೇ ನೆಕ್ಕಿ ನೋಡಿದ್ಯಲ್ಲ!"

ಅದೂ ನಿಜವೇ. ಮೂರೂ ಡಬ್ಬಿಯನ್ನು ಸ್ವಂತ ನಾಲಿಗೆಯಲ್ಲೇ ನೋಡಿದ್ದ. ನಾಲಿಗೆ ಸಪ್ಪೆ ಅಂದರೂ ಕೈ ಕೇಳಿರಲಿಲ್ಲ, ಬಸಿದಿತ್ತು. ಅವನು ಡಾಕ್ಟರಮ್ಮನಿಗೆ ಫೋನು ಮಾಡಿದ. ಅವರ ದನಿ ನನಗೂ ಕೇಳುತ್ತಿತ್ತು.

"ಬಸಿದ್ರಾ? ನೀರು ಹೋಗಬೇಕು ಅಂದಿದ್ದೆನಲ್ಲ, ಆ ರಸವೇ ನೀರು. ವಾಸನೆ ಇರೋದೂ ಅದರಲ್ಲೇ. ಬಸಿದುಬಿಟ್ಟರೆ ಬೆಕ್ಕು ಯಾಕೆ ಹತ್ತಿರ ಬರುತ್ತೆ? ಉಪ್ಪಿನ ಚಿಂತೆ ಬಿಡಿ, ಆ ಡಬ್ಬಿ ಸೋತ ಕಿಡ್ನಿಗೆ ಅಂತಲೇ ಮಾಡಿದ್ದು. ಕುಡೀತಾ ಇದೆಯಲ್ಲ? ಹಾಗಾದರೆ ಇವತ್ತು ಬರೋದು ಬೇಡ. ಸಂಜೆ ಮತ್ತೆ ಫೋನ್ ಮಾಡಿ."

ಸಪ್ಪೆಯಣ್ಣ ಫೋನಿಟ್ಟು ಮತ್ತೆ ಸ್ಟೂಲಿನ ಮೇಲೆ ಕೂತ. ಬಟ್ಟಲಿನಲ್ಲಿ ಉಳಿದಿದ್ದ ರಸವನ್ನು ತುಂಡುಗಳ ಮೇಲೆ ಸುರಿದು ಚಮಚದಲ್ಲಿ ಕಲಸಿದ. ಬಾಬಿನ್ನು ಮೊದಲು ರಸ ನೆಕ್ಕಿತು, ಆಮೇಲೆ ಒಂದು ತುಂಡು, ಆಮೇಲೆ ಇನ್ನೊಂದು. ತಿಂದು ಮುಗಿಸುವವರೆಗೂ ಅವನು ಅಲ್ಲಾಡಲಿಲ್ಲ. ಆಮೇಲೆ ತಟ್ಟೆ ಎತ್ತಿ ಬೆಳಕಿಗೆ ಹಿಡಿದು ಎಷ್ಟು ಉಳಿದಿದೆ ಅಂತ ನೋಡಿದ. ಎರಡು ತುಂಡು ಉಳಿದಿತ್ತು.

ಬುಟ್ಟಿಯನ್ನು ಮತ್ತೆ ಮಂಚದ ಕೆಳಗೆ ತಳ್ಳಿದ. ಜರಡಿಯನ್ನು ಸೋಪು ಹಾಕಿ ತೊಳೆದು ಒರೆಸಿ ಅಕ್ಕನ ಮುಂದಿಟ್ಟ.

"ಇದನ್ನೇನು ಮಾಡ್ಲೋ?"

"ಇದರಲ್ಲಿ ಬಟ್ಟೆಯ ಗುಂಡಿ ಹಾಕಿಟ್ಕೋ. ನನ್ನ ಕೈಗೆ ಸಿಗೋದು ಬೇಡ."

ನನ್ನ ದಿಂಬಿನ ಚೀಲಕ್ಕೆ ಹಾಕಿದ ನಾಲ್ಕು ಗುಂಡಿಗಳನ್ನು ಅವಳು ಆರಿಸಿದ್ದು ಆ ಜರಡಿಯಿಂದಲೇ.