ಎಳೆ ಬಿಟ್ಟ ಪಿಚ್ಚರ್

ಎದುರುಮನೆಯ ಮಗ್ಗದಮ್ಮ ಯಾರ ಜೊತೆ ಮಾತಾಡಿದರೂ ಕಣ್ಣು ಅವರ ತುಟಿಯ ಮೇಲೇ ಇರುತ್ತಿತ್ತು. ಮೊದಮೊದಲು ನನಗೆ ಮುಜುಗರ. ಲಿಪ್‌ಸ್ಟಿಕ್ ಹಲ್ಲಿಗೇನಾದರೂ ಮೆತ್ತಿದೆಯೇ ಎಂದು ಕರ್ಚೀಫಿನಿಂದ ಒರೆಸಿಕೊಳ್ಳುತ್ತಿದ್ದೆ. ಆಮೇಲೆ ತಿಳಿಯಿತು, ನಲವತ್ತು ವರ್ಷ ಪವರ್‌ಲೂಮಿನ ಸದ್ದಿನಲ್ಲಿ ನಿಂತು ಅವರ ಕಿವಿ ಮುಕ್ಕಾಲು ಹೋಗಿದೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಅದೇನೂ ವಿಶೇಷವಲ್ಲ. ವಿಶೇಷವೆಂದರೆ ಅವರಿಗಿದ್ದ ಹಾರರ್ ಪಿಕ್ಚರಿನ ಹುಚ್ಚು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಹಾಲಿನಲ್ಲಿ ನಾಲ್ವರ ಕ್ಲಬ್ಬು: ನಾನು, ಮಗ್ಗದಮ್ಮ, ಮೂಲೆಯ ಮೆಡಿಕಲ್ ಶಾಪಿನವರು, ಏರ್‌ಪೋರ್ಟಿನಲ್ಲಿ ಕೆಲಸ ಮಾಡುವ ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ. ಹೊಸದಾಗಿ ಬಂದ ಥ್ರಿಲ್ಲರೋ ಹಾರರೋ ಹಾಕಿಕೊಂಡು ನೋಡುವುದು, ಆಮೇಲೆ ಕಾಫಿ ಕುಡಿಯುತ್ತ ಜಗಳವಾಡುವುದು. ಕಾನ್ವೆಂಟಿನಲ್ಲಿ ಓದಿ, ಮೂವತ್ತು ವರ್ಷ ಇಂಗ್ಲಿಷ್ ಲಿಟರೇಚರ್ ಪಾಠ ಮಾಡಿದವಳು ನಾನು. ಫೈನಲ್ ವರ್ಡಿಕ್ಟ್ ನನ್ನದೇ ಎಂದುಕೊಂಡಿದ್ದೆ.

ನಿಜವಾದ ಜಡ್ಜು ಮಗ್ಗದಮ್ಮ. ಧಡ್ ಎಂದು ಮ್ಯೂಸಿಕ್ ಬಂದು ನಾವು ಮೂವರೂ ಕುರ್ಚಿಯಿಂದ ಹಾರಿದರೆ ಅವರು ಚಕ್ಕುಲಿ ಮುರಿಯುತ್ತ ಕೂತಿರುತ್ತಿದ್ದರು. "ನಿಮ್ಮನ್ನ ಹೆದರ್ಸ್ತಿರೋದು ದೆವ್ವ ಅಲ್ಲ ಕಣ್ರೀ, ತಮಟೆ ಹೊಡಿಯೋನು!" ಸದ್ದಿಲ್ಲದೆ ಹೆದರಿಸಿದ ಪಿಕ್ಚರಿಗೆ ಮಾತ್ರ ಪಾಸ್ ಮಾರ್ಕು. ಕಥೆಯಲ್ಲಿ ಲಾಜಿಕ್ ತಪ್ಪಿದರೆ ಒಂದೇ ಮಾತು: "ಎಳೆ ಬಿಟ್ಟೈತೆ." ಸೀರೆಯಲ್ಲಿ ಒಂದು ನೂಲು ತಪ್ಪಿದರೂ ಅವರು ಹೇಳುತ್ತಿದ್ದದ್ದು ಅದನ್ನೇ. ನಾನು ಹತ್ತು ನಿಮಿಷ ಇಂಗ್ಲಿಷಿನಲ್ಲಿ ವಿವರಿಸುವುದನ್ನು ಅವರು ಎರಡು ಪದದಲ್ಲಿ ಮುಗಿಸುತ್ತಿದ್ದರು.

ಒಂದು ಭಾನುವಾರ ಹಳೇ ಬಂಗಲೆಯ ದೆವ್ವದ ಪಿಕ್ಚರ್ ಮುಗಿಯಿತು. ಟೀವಿಗೆ ಹತ್ತಿರದ ಕುರ್ಚಿ ಯಾವಾಗಲೂ ನನ್ನದು. ಅಲ್ಲಿಂದಲೇ ತಿರುಗಿ ಶುರುಮಾಡಿದೆ: "ವಾಟ್ ರಿಸ್ಟ್ರೇಂಟ್! ಕೊನೇ ಸೀನ್‌ವರೆಗೂ ದೆವ್ವಾನ ತೋರಿಸ್ಲೇ ಇಲ್ಲ ನೋಡಿ. ಅದು ಡೈರೆಕ್ಷನ್."

ಹುಡುಗಿ ಕಿಸಕ್ಕೆಂದಳು. "ಆಂಟೀ, ಐದಾರು ಸಲ ಬಂತಲ್ಲಾ! ಕರ್ಟನ್ ಪಕ್ಕ, ಕಿಟಕಿ ಪಕ್ಕ..."

"ಮೇಡಂ ಒಂದ್ ನಿದ್ದೆ ಹೊಡೆದ್ಬಿಟ್ರು ಬಿಡಮ್ಮಾ," ಎಂದರು ಮೆಡಿಕಲ್‌ನವರು.

"ನಾನ್ಸೆನ್ಸ್! ರೆಪ್ಪೆ ಮುಚ್ಚದೆ ನೋಡಿದೀನಿ."

ಮಗ್ಗದಮ್ಮ ನಗಲಿಲ್ಲ. ಹುಡುಗಿಯ ಕೈಲಿ ಪಿಕ್ಚರನ್ನು ಒಂದು ಸೀನ್ ಹಿಂದಕ್ಕೆ ಓಡಿಸಿ, ನಿಲ್ಲಿಸಿದರು. "ಇಲ್ಲಿ ಏನೈತೆ, ಹೇಳಿ ಅಕ್ಕಾ."

"ಮೇಜು, ದೀಪ, ಕಾಗದ ಬರೀತಿರೋ ಹೆಂಗಸು."

"ಪಕ್ಕದಾಗೆ?"

"ಏನೂ ಇಲ್ಲ."

ಮಗ್ಗದಮ್ಮ ಎದ್ದು ಮನೆಗೆ ಹೋಗಿ ಮಗ್ಗದ ಕಂಡಿಕೆ, ಕೆಂಪು ರೇಷ್ಮೆ ನೂಲು ಸುತ್ತಿದ ಪುಟ್ಟ ಕಡ್ಡಿಯೊಂದನ್ನು ತಂದರು. ನನ್ನ ಹಿಂದೆ ನಿಂತು, "ನೆಟ್ಟಗೆ ನೋಡ್ತಾ ಇರಿ, ಕಂಡಾಗ ಕೈ ಎತ್ತಿ," ಎಂದು ಅದನ್ನು ಕಿವಿಯ ಬದಿಯಿಂದ ಮೆಲ್ಲಗೆ ಮುಂದಕ್ಕೆ ತಂದರು. ನಾನು ಕೈ ಎತ್ತಿದಾಗ ಕಂಡಿಕೆ ಹೆಚ್ಚುಕಡಿಮೆ ನನ್ನ ಮೂಗಿನ ಎದುರಿಗಿತ್ತು. ಇನ್ನೊಂದು ಬದಿಯೂ ಅಷ್ಟೇ. ಯಾರೂ ನಗುತ್ತಿರಲಿಲ್ಲ.

"ಪಿಚ್ಚರ್ ಸರಿಯಾಗೈತೆ ಅಕ್ಕಾ. ಎಳೆ ಬಿಟ್ಟಿರೋದು ನಿಮ್ ಕಣ್ಣಾಗೆ. ನನ್ ಕಿವೀನೂ ಹಿಂಗೇ ಹೋಗಿದ್ದು, ಗೊತ್ತೇ ಆಗ್ಲಿಲ್ಲ. ನಾಳೆ ಡಾಕ್ಟ್ರತ್ರ ಹೋಗಾನ."

"ವಯಸ್ಸಾಯ್ತು, ದಟ್ಸ್ ಆಲ್."

"ವಯಸ್ಸು ನಂಗೂ ಆಗೈತೆ. ಏಳು ಗಂಟೆಗೆ ರೆಡಿ ಇರಿ."

ನೆಂಟರು ಬಂದರೂ ಮಗ್ಗ ನಿಲ್ಲಿಸದವರು ಮರುದಿನ ನಿಲ್ಲಿಸಿ ಬಂದರು. ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ನೋಯಿಸದೆ, ಹೇಳದೆ, ಎರಡೂ ಬದಿಯ ನೋಟವನ್ನು ತಿಂದುಹಾಕಿತ್ತು. ಹೋದದ್ದು ಬರುವುದಿಲ್ಲ, ಇನ್ನಷ್ಟು ತಡಮಾಡಿದ್ದರೆ ನಡುವಿನದೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಅಂದಿನಿಂದ ಎರಡು ಹೊತ್ತು ಡ್ರಾಪ್ಸ್. ಭಾನುವಾರಗಳೂ ನಿಲ್ಲಲಿಲ್ಲ. ಮಗ್ಗದಮ್ಮ ನನ್ನ ಪಕ್ಕದಲ್ಲೇ ಕೂತು, "ಅಕ್ಕಾ, ಎಡಗಡೆ ನಿಂತವ್ಳೆ ನೋಡಿ!" ಎಂದು ಮೊಣಕೈ ತಿವಿದು ನನ್ನ ಸಸ್ಪೆನ್ಸನ್ನೆಲ್ಲ ಹಾಳುಮಾಡುತ್ತಿದ್ದರು.

ಹೋದ ಕಾರ್ತಿಕದಲ್ಲಿ ಎದೆನೋವೆಂದು ಮಲಗಿದ ಮಗ್ಗದಮ್ಮ ಏಳಲಿಲ್ಲ. ಮನೆಯ ಮುಂದೆ ಚಾಪೆಯ ಮೇಲೆ ಮಲಗಿಸಿದ್ದರು. ಹತ್ತಿರ ನಿಂತರೆ ನನಗೆ ಒಂದು ಸಲಕ್ಕೆ ಮುಖವಷ್ಟೇ ಕಾಣುತ್ತದೆ. ಕತ್ತನ್ನು ಮೆಲ್ಲಗೆ ತಿರುಗಿಸುತ್ತ, ಹಣೆಯ ಕುಂಕುಮದಿಂದ ಪಾದದವರೆಗೆ ಅವರನ್ನು ಪೂರ್ತಿಯಾಗಿ ನೋಡಿದೆ. ಹಿಂದಿದ್ದವರು, "ಸಾಕು ಬನ್ನಿ ಅಮ್ಮಾ, ಜನ ನಿಂತವ್ರೆ," ಎಂದರು.

"ಇರಿ," ಎಂದೆ, "ಇನ್ನೊಂದು ಸಲ."