ಸರಳಾ ಮೇಲೆ ಹಾಕಿದ ಬಾಯಿಬಡುಕಿ ಕೇಸು

ಗಂಡನೇ ಟಿಕೆಟ್ ಕೊಂಡು ಹೆಂಡತಿಯನ್ನು ಅರೆಸ್ಟ್ ಮಾಡಿಸಿದ ಎಂದರೆ ಯಾರಾದರೂ ನಂಬುತ್ತಾರೆಯೇ? ಅದೂ ಕಳ್ಳತನಕ್ಕಲ್ಲ, ಖೂನಿಗಲ್ಲ. ಬಾಯಿಬಡುಕಿ ಎಂದು! ಎಪ್ಪತ್ತೇಳನೇ ಇಸವಿಯ ಸೆಪ್ಟೆಂಬರ್ ತಿಂಗಳ ಒಂದು ಭಾನುವಾರ, ಅಮೆರಿಕದ ಆನ್ ಆರ್ಬರ್ ಊರಾಚೆಯ ಬಯಲಿನಲ್ಲಿ, ಗುರುತು ಪರಿಚಯ ಇಲ್ಲದ ನೂರಾರು ಜನರ ಎದುರು ಸರಳಾಗೆ ಆದದ್ದು ಇದೇ.

ಸರಳಾ ಯಾರು ಅಂತ ಮೊದಲು ಹೇಳಿಬಿಡಬೇಕು. ಆವತ್ತು ನಕ್ಕವರಿಗೆ ಅದು ಗೊತ್ತಿರಲಿಲ್ಲ, ಗೊತ್ತಿದ್ದವರು ಅನುಕೂಲವಾಗಿ ಮರೆತಿದ್ದರು. ಮೈಸೂರಿನ ಲಕ್ಷ್ಮೀಪುರದ ಹುಡುಗಿ. ಬಿ.ಎಲ್. ಮುಗಿಸಿ, ಕರಿ ಕೋಟು ತೊಟ್ಟು, ಎರಡು ವರ್ಷ ಮೈಸೂರಿನ ಕೋರ್ಟಿನಲ್ಲಿ ಜೂನಿಯರ್ ಆಗಿ ಓಡಾಡಿದವಳು. ವಕೀಲರ ಕೋಣೆಯಲ್ಲಿ ಹೆಂಗಸರಿಗೆ ಅಂತ ಒಂದು ಕುರ್ಚಿಯೂ ಇಲ್ಲದ ಕಾಲ. ಇವಳು ಕಿಟಕಿ ಕಟ್ಟೆಯ ಮೇಲೆ ಕೂತು ಕೇಸು ಓದುತ್ತಿದ್ದಳು. ಒಮ್ಮೆ ಬಾಡಿಗೆ ಮನೆಯ ವ್ಯಾಜ್ಯದಲ್ಲಿ ಮುದುಕಿಯೊಬ್ಬಳು ಬೀದಿಗೆ ಬೀಳದ ಹಾಗೆ ವಾದಿಸಿ ಗೆದ್ದಾಗ, ಆ ಮುದುಕಿ ಕೋರ್ಟಿನ ಮೆಟ್ಟಿಲ ಮೇಲೇ ಅವಳ ಕೆನ್ನೆ ಸವರಿ ನೆಟಿಕೆ ಮುರಿದಿದ್ದಳು. ಹೆಣ್ಣು ನೋಡಲು ಬಂದ ಚಂದ್ರಮೌಳಿ, ಅಮೆರಿಕದಲ್ಲಿ ಕಾರಿನ ಇಂಜಿನಿಯರು, "ಅಲ್ಲೂ ಓದಬಹುದು ರೀ, ಅದಕ್ಕೇನಂತೆ" ಎಂದಿದ್ದ. ಆ ಒಂದು ಮಾತನ್ನು ನಂಬಿಕೊಂಡೇ ಅವಳು ಕೋಟನ್ನು ಮಡಿಸಿ ಸೂಟ್‌ಕೇಸಿನಲ್ಲಿಟ್ಟು ವಿಮಾನ ಹತ್ತಿದ್ದು.

ಅದಕ್ಕೇನಂತೆ, ನೋಡಿ! ಮಿಷಿಗನ್‌ನ ವಾರೆನ್‌ಗೆ ಬಂದು ಇಳಿದ ಮೇಲೆ, ಮೊದಲು ಗ್ರೀನ್ ಕಾರ್ಡ್ ಬರಲಿ ಎಂದ. ಗ್ರೀನ್ ಕಾರ್ಡ್ ಬಂತು, ಒಂದು ಮಗು ಆಗಲಿ ಎಂದ. ಲೀನಾ ಹುಟ್ಟಿದಳು, ಮನೆ ಕೊಳ್ಳೋಣ ಎಂದ. ಮನೆ ಆಯಿತು, ಲೀನಾ ಸ್ಕೂಲಿಗೆ ಹೋಗೋ ಹಾಗಾಗಲಿ ಎಂದ. ಈಗ ಲೀನಾ ಮೂರನೇ ಗ್ರೇಡಿನಲ್ಲಿದ್ದಾಳೆ, ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಮೈಸೂರಿನ ಡಿಗ್ರಿ ಮಿಷಿಗನ್‌ನಲ್ಲಿ ನಡೆಯುವುದಿಲ್ಲ, ಮತ್ತೆ ಓದಬೇಕು. ಡೆಟ್ರಾಯಿಟ್‌ನಲ್ಲಿ ಸಂಜೆ ಹೊತ್ತು ಕ್ಲಾಸು ನಡೆಸುವ ಕಾನೂನು ಕಾಲೇಜು ಇದೆ. ಸೇರುವ ಪರೀಕ್ಷೆಗೆ ಹೆಸರು ಕೊಡಲು ಬರುವ ಶುಕ್ರವಾರ ಕೊನೆಯ ದಿನ. ವಾರಕ್ಕೆ ಎರಡು ಸಂಜೆ ಚಂದ್ರಮೌಳಿ ಬೇಗ ಮನೆಗೆ ಬಂದು ಮಗಳನ್ನು ನೋಡಿಕೊಂಡರೆ ಆಯಿತು. ಅವಳು ಕೇಳುತ್ತಿದ್ದದ್ದು ಅಷ್ಟೇ.

ಶನಿವಾರ ರಾತ್ರಿ ಊಟಕ್ಕೆ ಕೂತಾಗ ಮತ್ತೆ ಕೇಳಿದಳು. ವೆಸ್ಟ್‌ಮಂಟ್ ಎಂಬ ಊರಿನಿಂದ ಡಾಕ್ಟರ್ ಗುರುಸಿದ್ದ ಮತ್ತು ಅವರ ಹೆಂಡತಿ ಗುರುದೇವಿ ಬಂದಿದ್ದರು. ಧಾರವಾಡದ ಕಡೆಯವರು, ಕನ್ನಡದವರ ಒಂದು ಯುಗಾದಿ ಊಟದಲ್ಲಿ ಪರಿಚಯವಾಗಿ ಮನೆಯವರ ಹಾಗೇ ಆಗಿದ್ದರು.

"ಶುಕ್ರವಾರ ಕೊನೇ ದಿನ ರೀ. ಏನಂತೀರಾ?"

"ಅಯ್ಯೋ, ಗೆಸ್ಟ್ ಬಂದಿರೋವಾಗ್ಲೂ ಶುರು ಮಾಡ್ದೆಯಾ?" ಎಂದು ಚಂದ್ರಮೌಳಿ ಗುರುಸಿದ್ದನ ಕಡೆ ತಿರುಗಿ, "ದಿನಾ ಇದೇ ರಾಮಾಯಣ ಡಾಕ್ಟ್ರೇ. ಮುಂದಿನ ವರ್ಷ ನೋಡೋಣ ಅಂದ್ರೂ ಬಿಡೋಲ್ಲ" ಎಂದು ನಕ್ಕ. ಗುರುಸಿದ್ದನೂ ನಕ್ಕ. ಸರಳಾ ಎದ್ದು ಹೋಗಿ ಸಾರು ಬಿಸಿ ಮಾಡಿದಳು. ಬಿಸಿ ಮಾಡುವ ಅಗತ್ಯವೇನೂ ಇರಲಿಲ್ಲ.

ಮರುದಿನ ಎಲ್ಲರೂ ಎರಡು ಕಾರಿನಲ್ಲಿ ಆನ್ ಆರ್ಬರ್‌ನ ಮಿಡೀವಲ್ ಫೇರ್‌ಗೆ ಹೊರಟರು. ಯಾವುದೋ ನಾಟಕದ ತಂಡದವರು ನಡೆಸುವ ಜಾತ್ರೆ, ಹಳೇ ಕಾಲದ ಯುರೋಪಿನ ರಾಜರಾಣಿಯರ ವೇಷ ಹಾಕಿಕೊಂಡು ದಿನವಿಡೀ ಆಡುವುದು. ತಗಡಿನ ಕವಚ ತೊಟ್ಟ ಸವಾರರು ಬಿಸಿಲಿಗೆ ಬೆವರುತ್ತಿದ್ದರು. ಜನ ಟರ್ಕಿ ಕೋಳಿಯ ಕಾಲನ್ನು ಕೈಯಲ್ಲೇ ಹಿಡಿದು ಹರಿದು ತಿನ್ನುವುದನ್ನು ನೋಡಿ ಗುರುದೇವಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಮರದ ಕೆಳಗೆ ಬೆಡ್‌ಶೀಟ್ ಹಾಸಿ, ಸ್ಟೀಲ್ ಡಬ್ಬಿ ಬಿಚ್ಚಿ, ಚಪಾತಿ ಪಲ್ಯ ಮೊಸರನ್ನ ತಿಂದರು. ಲೀನಾ ತಲೆಗೆ ಬಣ್ಣದ ರಿಬ್ಬನ್ನಿನ ಹೂಕಿರೀಟ ಕಟ್ಟಿಸಿಕೊಂಡಳು. ನಿಜ ಹೇಳಬೇಕೆಂದರೆ ಸರಳಾಗೆ ಅಲ್ಲಿಯವರೆಗೆ ಚೆನ್ನಾಗಿಯೇ ಇತ್ತು, ರಾತ್ರಿಯ ಸಿಟ್ಟೂ ಅರ್ಧ ಇಳಿದಿತ್ತು.

ಗಂಡಸರಿಬ್ಬರೂ ಕುದುರೆ ನೋಡಿಬರುತ್ತೇವೆ ಎಂದು ಹೋದರು. ಸ್ವಲ್ಪ ಹೊತ್ತಿಗೆ ಈಟಿ ಹಿಡಿದ ಇಬ್ಬರು ಗಂಟೆ ಬಾರಿಸುತ್ತಾ ಬಂದು, ಬೆಡ್‌ಶೀಟಿನ ಎದುರು ನಿಂತು, "ಸರಳಾ ಎಂಬ ಹೆಂಗಸು ಯಾರು? ನಿನ್ನನ್ನು ಬಂಧಿಸಿದ್ದೇವೆ" ಎಂದು ಕೂಗಿದರು.

ವೇಷ ಕಣ್ಣಿಗೆ ಕಾಣುತ್ತಿದ್ದರೂ, ಪರದೇಶದಲ್ಲಿ ಬಂಧನ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನೂರು ಯೋಚನೆ. ಕಾರನ್ನು ತಪ್ಪು ಜಾಗದಲ್ಲಿ ನಿಲ್ಲಿಸಿದೆವೇ? ವೀಸಾದ ಏನಾದರೂ ತಕರಾರೇ? ಕೈ ತಾನಾಗಿ ಪರ್ಸಿನ ಕಡೆ ಹೋಯಿತು, ಗ್ರೀನ್ ಕಾರ್ಡ್ ತೆಗೆಯಲು. ಆಗ ಅವರ ಬೆನ್ನ ಹಿಂದೆ ಚಂದ್ರಮೌಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿರುವುದು ಕಂಡಿತು. ಪಕ್ಕದಲ್ಲಿ ಗುರುಸಿದ್ದ. ಆ ಜಾತ್ರೆಯಲ್ಲಿ ಅದೊಂದು ಆಟ. ಒಂದು ಟಿಕೆಟ್ ತೆಗೆದುಕೊಂಡರೆ ಬೇಕಾದವರನ್ನು ಹಿಡಿದು ತಂದು ವಿಚಾರಣೆ ಮಾಡುತ್ತಾರೆ.

"ಏನ್ರೀ ಇದು?"

"ಬಾರೇ, ತಮಾಷೆಗೆ!"

ಹುಲ್ಲಿನ ಪಿಂಡಿಗಳ ಮೇಲೆ ಹಲಗೆ ಹಾಸಿ ಕೋರ್ಟು ಮಾಡಿದ್ದರು. ಉಣ್ಣೆಯ ಟೋಪನ್ ಹಾಕಿದ ಜಡ್ಜ್ ಸೌಟಿನಷ್ಟು ದೊಡ್ಡ ಸುತ್ತಿಗೆ ಕುಟ್ಟಿ ಆಪಾದನೆ ಓದಿದ: ಈಕೆ ಬಾಯಿಬಡುಕಿ, ಹಗಲೂ ರಾತ್ರಿ ಗಂಡನ ತಲೆ ತಿನ್ನುವವಳು. ಮಂಡಿಯೂರಿ ಗಂಡನ ಕ್ಷಮೆ ಕೇಳಿ, ಇನ್ನು ಬಾಯಿ ತೆಗೆಯುವುದಿಲ್ಲ ಎಂದು ಮಾತು ಕೊಟ್ಟರೆ ಬಿಡುಗಡೆ. ಇಲ್ಲವಾದರೆ ಪಕ್ಕದಲ್ಲೇ ಮರದ ಹಲಗೆ ನಿಂತಿತ್ತು, ಕುತ್ತಿಗೆಗೊಂದು ತೂತು, ಕೈಗಳಿಗೆ ಎರಡು. ಅದರಲ್ಲಿ ಸಿಕ್ಕಿಸಿ ಬೀಗ ಹಾಕಿದ ಮೇಲೆ ಜನ ಒದ್ದೆ ಸ್ಪಂಜು ಎಸೆಯಬಹುದು. ಸೀರೆ ಉಟ್ಟ ಹೆಂಗಸು ಸಿಕ್ಕಿದ್ದು ಜನಕ್ಕೆ ಇನ್ನೂ ಖುಷಿ. ಮುತ್ತಿಕೊಂಡರು, ಶಿಳ್ಳೆ ಹೊಡೆದರು.

"ಮಾಮ್, ಇಟ್ಸ್ ಜಸ್ಟ್ ಎ ಜೋಕ್! ಜಸ್ಟ್ ಸೇ ಸಾರಿ!" ಎಂದು ಮುಂದಿನ ಸಾಲಿನಿಂದ ಲೀನಾ ಕೂಗಿದಳು. ಮಗಳೂ ನಗುತ್ತಿದ್ದಳು.

ಅದೇ ಅವಳಿಗೆ ತಡೆಯಲಾಗದೆ ಹೋಯಿತು. ಅಲ್ಲ, ಏನು ಅನ್ಯಾಯ ಇದು? ಕೊಟ್ಟ ಮಾತು ನಡೆಸದವನು ದೂರು ಕೊಡುವವನಂತೆ, ಕೇಳಿದವಳು ಅಪರಾಧಿಯಂತೆ! ಈಗ ಮಂಡಿಯೂರಿದರೆ ಹೆಂಡತಿ ಕೇಳುವುದೇ ತಪ್ಪು ಅಂತ ಎಂಟು ವರ್ಷದ ಹುಡುಗಿಗೆ ಪಾಠ ಆಗಿಹೋಗುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನನ್ನ ಪರವಾಗಿ ವಕೀಲರು ಯಾರು?" ಎಂದು ಕೇಳಿದಳು. ಇನ್ನು ನಡೆದದ್ದೆಲ್ಲ ಇಂಗ್ಲಿಷಿನಲ್ಲಿ, ಚಂದ್ರಮೌಳಿ ಆಗಾಗ ಆಡಿಕೊಳ್ಳುತ್ತಿದ್ದ ಅವಳ ಮೈಸೂರು ಇಂಗ್ಲಿಷಿನಲ್ಲಿ.

"ಬಾಯಿಬಡುಕಿಗೆ ಬಾಯಿ ಇರುವಾಗ ವಕೀಲರೇಕೆ?" ಎಂದ ಜಡ್ಜ್. ಜನ ಗೊಳ್ಳೆಂದರು.

"ಹಾಗಾದರೆ ನಾನೇ ವಾದಿಸುತ್ತೇನೆ. ದೂರು ಕೊಟ್ಟವರನ್ನು ಸಾಕ್ಷಿ ಕಟ್ಟೆಗೆ ಕರೆಯಿರಿ."

ಜಡ್ಜ್ ವೇಷದ ಹುಡುಗನಿಗೆ ಇದು ಹೊಸದು. ಇದುವರೆಗೆ ಬಂದ ಹೆಂಗಸರೆಲ್ಲ ಕಿಲಕಿಲ ನಕ್ಕು ಮಂಡಿಯೂರಿ ಹೋಗಿದ್ದರು. ಮೋಜು ಹೆಚ್ಚಲಿ ಎಂದು ಅವನು ಕೈ ಬೀಸಿದ. ಚಂದ್ರಮೌಳಿ ಜನಕ್ಕೆ ಕೈಮುಗಿಯುತ್ತಾ ಕಟ್ಟೆ ಹತ್ತಿದ.

"ನಾನು ನಿಮ್ಮ ತಲೆ ತಿಂದೆ ಅಂತೀರಲ್ಲ, ಏನು ಮಾಡಿದೆ?"

"ಕೇಳಿದ್ದನ್ನೇ ಕೇಳ್ತೀಯ. ದಿನಾ ಒಂದೇ ಪ್ರಶ್ನೆ."

"ಯಾವ ಪ್ರಶ್ನೆ?"

ಚಂದ್ರಮೌಳಿಯ ನಗು ಒಂದು ಕ್ಷಣ ತಡವರಿಸಿತು. "ಅದೇ... ಅದು."

"ಕೋರ್ಟಿಗೆ ಕೇಳಿಸಲಿ. ಪೂರ್ತಿ ಹೇಳಿ."

"ಕಾನೂನು ಕಾಲೇಜಿಗೆ ಯಾವಾಗ ಸೇರಲಿ ಅಂತ."

ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದವರು ನಿಲ್ಲಿಸಿದರು.

"ಓದಬಹುದು ಅಂತ ಮದುವೆಗೆ ಮುಂಚೆ ಹೇಳಿದವರು ಯಾರು?"

"ನಾನೇ. ಆದ್ರೆ ಆಗಿನ ಮಾತು ಬೇರೆ..."

"ಕೇಳಿದ್ದಕ್ಕಷ್ಟೇ ಉತ್ತರ. ನಾನು ಎಷ್ಟು ವರ್ಷದಿಂದ ಕೇಳುತ್ತಿದ್ದೇನೆ?"

"ಬಂದಾಗಿನಿಂದ."

"ಪ್ರತಿ ಸಲ ನೀವು ಕೊಟ್ಟ ಉತ್ತರ ಏನು?"

ಚಂದ್ರಮೌಳಿ ಗುರುಸಿದ್ದನನ್ನು ನೋಡಿದ. ಗುರುಸಿದ್ದ ಬೂಟು ನೋಡಿಕೊಳ್ಳುತ್ತಿದ್ದ. "ಮುಂದಿನ ವರ್ಷ ಅಂತ," ಎಂದ ಕೊನೆಗೆ, ಸಣ್ಣ ದನಿಯಲ್ಲಿ.

ಸರಳಾ ಜಡ್ಜ್ ಕಡೆ ತಿರುಗಿದಳು. "ಸ್ವಾಮಿ, ನಾನು ಕೇಳಿದ್ದು ಒಂದೇ ಪ್ರಶ್ನೆ. ಒಂದು ಸಲ ನೆಟ್ಟಗೆ ಉತ್ತರ ಕೊಟ್ಟಿದ್ದರೆ ಎರಡನೇ ಸಲ ಕೇಳುವ ಕರ್ಮ ನನಗಿರಲಿಲ್ಲ. ಮೈಸೂರಿನಲ್ಲಿ ನಾನು ವಕೀಲಳಾಗಿದ್ದೆ. ಬೇರೆಯವರ ಪರವಾಗಿ ಬಾಯಿ ಬಿಟ್ಟರೆ ಅದಕ್ಕೆ ವಾದ ಅನ್ನುತ್ತಿದ್ದರು. ನನ್ನ ಪರವಾಗಿ ಬಿಟ್ಟರೆ ಬಾಯಿಬಡುಕತನ ಹೇಗಾಗುತ್ತದೆ? ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ."

ಒಬ್ಬ ದಪ್ಪ ಅಜ್ಜಿ, ಕೈಯಲ್ಲಿ ನಿಂಬೆ ಶರಬತ್ತಿನ ಲೋಟ ಹಿಡಿದವಳು, ಮೊದಲು ಚಪ್ಪಾಳೆ ತಟ್ಟಿದಳು. ಆಮೇಲೆ ಹೆಂಗಸರೆಲ್ಲ ತಟ್ಟಿದರು, ಸದ್ದು ಜೋರಾಯಿತು. ಜಡ್ಜ್ ಗೆದ್ದೆತ್ತಿನ ಬಾಲ ಹಿಡಿಯುವುದರಲ್ಲಿ ಜಾಣ. ಸುತ್ತಿಗೆ ಕುಟ್ಟಿ, ಕೇಸು ವಜಾ, ಸುಳ್ಳು ದೂರು ಕೊಟ್ಟ ಗಂಡನೇ ಹಲಗೆಗೆ ಎಂದ. ಈಟಿಯವರು ಚಂದ್ರಮೌಳಿಯನ್ನು ಎಳೆದುಕೊಂಡು ಹೋಗಿ ಕುತ್ತಿಗೆ, ಕೈ ಸಿಕ್ಕಿಸಿ ಬೀಗ ಜಡಿದು, ಬೀಗದ ಕೈಯನ್ನು ಸರಳಾಗೆ ಕೊಟ್ಟರು. ನಿನಗೆ ಸಮಾಧಾನವಾದಾಗ ಬಿಡಿಸಿಕೋ ಎಂದರು.

"ನೀವೂ ಹೋಗಿ ನಿಂದರ್ರಿ ಅಲ್ಲೆ ಬಾಜೂಕ," ಎಂದು ಗುರುದೇವಿ ಗಂಡನ ಮೇಲೆ ರೇಗಿದಳು. "ನಾಚಿಕಿ ಬರಂಗಿಲ್ಲೇನ್ರಿ? ಉಂಡ ಮನಿಯಾಕಿನ್ನ ಹಿಡಿಸಿಕೊಟ್ಟೀರಿ!"

"ನಂದ ತಪ್ಪಾತ್ರಿ ಅಕ್ಕಾರ," ಎಂದ ಗುರುಸಿದ್ದ, ಸರಳಾಳ ಮುಖ ನೋಡದೆ.

ಸರಳಾ ಹಲಗೆಯ ಎದುರು ಹೋಗಿ ನಿಂತಳು. ಸ್ಪಂಜು ಮುಟ್ಟಲಿಲ್ಲ. ಈಗ ಕನ್ನಡದಲ್ಲಿ ಕೇಳಿದಳು. "ಶುಕ್ರವಾರ ಕೊನೇ ದಿನ. ಏನಂತೀರಾ?"

"ಏ, ಸಾಕು ಕಣೇ, ಕುತ್ತಿಗೆ ನೋಯ್ತಿದೆ. ಎಲ್ರೂ ನೋಡ್ತಿದಾರೆ."

"ನೋಡ್ಲಿ. ಹೇಳಿ."

"ಆಯ್ತು, ಆಯ್ತು. ಮುಂದಿನ ವರ್ಷ ಖಂಡಿತ..."

ಅವನಿಗೇ ಗೊತ್ತಾಗದ ಹಾಗೆ ಬಾಯಿಂದ ಜಾರಿತ್ತು. ಬೇಕೆಂದು ಹೇಳಿದ್ದೂ ಅಲ್ಲ, ಅಷ್ಟು ಅಭ್ಯಾಸವಾಗಿ ಹೋಗಿತ್ತು. ಲೀನಾ ನಗುವುದನ್ನು ಎಂದೋ ನಿಲ್ಲಿಸಿದ್ದಳು. "ಡ್ಯಾಡ್," ಎಂದಳು, "ಯು ಡಿಡ್ ಇಟ್ ಅಗೇನ್."

"ಸರಿ," ಎಂದಳು ಸರಳಾ. "ಈ ಪ್ರಶ್ನೆ ಇನ್ನು ನಿಮ್ಮನ್ನ ಕೇಳೋಲ್ಲ." ಅವನ ಪ್ಯಾಂಟಿನ ಜೇಬಿಗೆ ಕೈ ಹಾಕಿ ಕಾರಿನ ಕೀ ತೆಗೆದುಕೊಂಡಳು. ಹಲಗೆಯ ಬೀಗದ ಕೈಯನ್ನು ಗುರುಸಿದ್ದನ ಅಂಗೈಯಲ್ಲಿಟ್ಟು, "ನಿಮ್ಮ ಸ್ನೇಹಿತರು, ನೀವೇ ಬಿಡಿಸ್ಕೊಂಡು ಬನ್ನಿ" ಎಂದಳು. ಲೀನಾಳನ್ನೂ ಗುರುದೇವಿಯನ್ನೂ ಕೂರಿಸಿಕೊಂಡು ಹೊರಟಳು. ಅಂಗಡಿಗೆ, ಸ್ಕೂಲಿಗೆ ಬಿಟ್ಟರೆ ಅವಳು ಡ್ರೈವ್ ಮಾಡಿದವಳಲ್ಲ. ಫ್ರೀವೇ ಮೇಲೆ ದೊಡ್ಡ ಟ್ರಕ್ಕುಗಳು ಪಕ್ಕದಲ್ಲಿ ಹಾದಾಗ ಸ್ಟಿಯರಿಂಗ್ ಬಿಗಿಯಾಗಿ ಹಿಡಿದಳು. ಡೆಟ್ರಾಯಿಟ್ ಬಂದಾಗ ಒಂದು ಎಕ್ಸಿಟ್ ಇಳಿದು, ಭಾನುವಾರವಾದ್ದರಿಂದ ಬಾಗಿಲು ಹಾಕಿದ್ದ ಕಾಲೇಜಿನ ಎದುರು ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿ, ಮತ್ತೆ ಹೊರಟಳು. ಗುರುದೇವಿ ಅವಳ ಭುಜದ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು.

ಸಂಜೆ ಗುರುಸಿದ್ದನ ಕಾರಿನಲ್ಲಿ ಚಂದ್ರಮೌಳಿ ಬಂದಿಳಿದ. ಕಾಲರ್ ಇನ್ನೂ ಒದ್ದೆ. ಅವಳು ಬಿಟ್ಟು ಹೋದ ಮೇಲೆ ಜನ ಸ್ಪಂಜಿನ ಆಸೆ ತೀರಿಸಿಕೊಂಡಿದ್ದರು ಎಂದು ಕಾಣುತ್ತದೆ. ನೇರ ಅಡುಗೆಮನೆಗೆ ಬಂದು, ಬಾಗಿಲಿಗೆ ಒರಗಿ ನಿಂತು, ದಾನ ಕೊಡುವ ಧ್ವನಿಯಲ್ಲಿ ಹೇಳಿದ. "ಆಯ್ತಮ್ಮ. ಡಿಸೈಡ್ ಮಾಡಿದೀನಿ. ಈಗ ಕೇಳು, ಹೂಂ ಅಂತೀನಿ."

"ಏನನ್ನ ಕೇಳ್ಲಿ?" ಎಂದಳು ಸರಳಾ, ಒಲೆಯ ಕಡೆಯಿಂದ ತಿರುಗದೆ. "ನಾಳೆ ಹೋಗಿ ಹೆಸರು ಕೊಟ್ಟು ಬರ್ತೀನಿ. ಕ್ಲಾಸ್ ಶುರುವಾದ್ಮೇಲೆ ಮಂಗಳವಾರ, ಗುರುವಾರ ಲೀನಾ ಊಟ ನಿಮ್ಮದು. ಅನ್ನಕ್ಕೆ ಎಷ್ಟು ನೀರಿಡ್ಬೇಕು ಅಂತ ಗೊತ್ತಿಲ್ದಿದ್ರೆ ನನ್ನ ಕೇಳಿ. ಮುಂದಿನ ವರ್ಷ ಹೇಳ್ತೀನಿ ಅಂತ ನಾನೇನೂ ಅನ್ನೋಲ್ಲ."