ಕುಸುರೆಳ್ಳಿಗೆ ಜಾಗ

ನಾನು ಮರದಲ್ಲಿ ಕೆತ್ತಿ ಕಾಗದದ ಮೇಲೆ ಅಚ್ಚೊತ್ತಿದ ಎತ್ತಿನ ಚಿತ್ರವನ್ನು ಒಬ್ಬ ಹಿರಿಯ ಹೆಂಗಸು ನನ್ನ ಕಣ್ಣೆದುರೇ ಎತ್ತಿನ ಕುತ್ತಿಗೆಯ ಬಳಿ ಮಡಚಿಬಿಟ್ಟರು. ಅದು ಸಂಕ್ರಾಂತಿಯ ಹಿಂದಿನ ಸಂಜೆ. ಕೊಪ್ಪಳದ ಬಜಾರಿನಲ್ಲಿ ನನ್ನ ಶುಭಾಶಯ ಪತ್ರ ಒಂದೂ ಮಾರಾಟವಾಗಿರಲಿಲ್ಲ. ಹಬ್ಬ ಕಳೆದರೆ ಅವನ್ನು ಕೇಳುವವರಿಲ್ಲ.

"ಕುಸುರೆಳ್ಳು ಹಾಕಾಕ ಜಾಗಾನ ಇಲ್ಲಲ್ಲ ತಮ್ಮಾ. ಬರೇ ಹಾಳಿ ಕೊಟ್ಟರ ಬೀಗತಿ ಏನಂದಾಳು?" ಎನ್ನುತ್ತಾ ಅಂಚುಗಳನ್ನು ಒಳಗೆ ಸಿಕ್ಕಿಸಿ, ಹಬ್ಬಕ್ಕೆ ಹಂಚುವ ಸಕ್ಕರೆ ಲೇಪದ ಎಳ್ಳು ಹಿಡಿಯುವಂಥ ಪೊಟ್ಟಣ ಮಾಡಿದರು.

"ಎತ್ತಿನ ಕುತ್ತಿಗಿ ಮುರದ್ರಲ್ರಿ ಅಮ್ಮಾ."

"ಮುರದಿಲ್ಲ, ಹೊಳ್ಳಿ ನೋಡಾಕತ್ತೈತಿ."

ನಿಜ, ಎತ್ತು ಹಿಂತಿರುಗಿ ನೋಡುತ್ತಿತ್ತು. ಪಕ್ಕದಲ್ಲಿ ನಿಂತವರೂ ಅವರಿಂದ ಮಡಚಿಸಿಕೊಂಡೇ ಕೊಂಡರು. ಎಲ್ಲವೂ ಖಾಲಿಯಾದವೆಂದು ನೆನಪು ಹೇಳುತ್ತದೆ. ಅದನ್ನು ನಾನು ಪೂರ್ತಿ ನಂಬುವುದಿಲ್ಲ.

ಈಗ ಕೆತ್ತುವ ಮೊದಲೇ ಕಾಗದವನ್ನು ಮಡಚಿ ನೋಡುತ್ತೇನೆ. ಕೊಳ್ಳುವವರ ಕೈಗೂ ಚಿತ್ರದಲ್ಲಿ ಒಂದಿಷ್ಟು ಕೆಲಸ ಉಳಿಸುತ್ತೇನೆ.